ಮೂತಿ ಕೆಳಗೆ ನಿಂತ ಲಾರಿ

ಮ್ಯಾನೇಜರು ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ರಿಪೇರಿ ಮೇಸ್ತ್ರಿಯ ಕಡೆಗೆ ಸರಿಸಿದರು. ರುಜು ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಮೊದಲೇ ಬಿದ್ದಿತ್ತು. ಓದುವ ಕಷ್ಟ ನಿಮಗೆ ಬೇಡ, ಅಲ್ಲೊಂದು ಹೆಸರು ಗೀಚಿದರೆ ಸಾಕು ಅನ್ನುವ ಉಪಕಾರ ಅದು.

ಮೇಸ್ತ್ರಿಗೆ ಆ ಉಪಕಾರ ಬೇಕಾಗಿರಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮೂಗಿನ ಮೇಲೆ ಕೂರಿಸಿಕೊಂಡು, ಅಕ್ಷರ ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದ. ಅವನು ಶಾಲೆಗೆ ಹೋಗಿದ್ದು ಮೂರೇ ವರ್ಷ. ಆದರೆ ಹೀಗೆ ಕೂಡಿಸಿ ಕೂಡಿಸಿ ಓದುವವನಿಗೆ ಒಂದು ಅನುಕೂಲವಿದೆ, ಒಂದು ಮಾತೂ ಕಣ್ಣು ತಪ್ಪಿಸಿಕೊಂಡು ಹೋಗುವುದಿಲ್ಲ. ಮ್ಯಾನೇಜರು ಎರಡು ಸಲ ಗಡಿಯಾರ ನೋಡಿಕೊಂಡರು. ಕಿಟಕಿಯ ಗಾಜಿಗೆ ಆಚೆಯಿಂದ ಬಾಯ್ಲರಿನ ಹಬೆ ಬಂದು ಕೂತು, ನೀರಾಗಿ, ಗೆರೆಗೆರೆಯಾಗಿ ಇಳಿಯುತ್ತಿತ್ತು.

ಕಾಗದದಲ್ಲಿದ್ದದ್ದು ಇಷ್ಟು. ಆಸ್ಪತ್ರೆಗೆ ಬಟ್ಟೆ ಒಯ್ಯುವ ಲಾರಿಯ ಎಂಜಿನ್ನು ಡ್ರೈವರನ ಅಜಾಗರೂಕತೆಯಿಂದ ಹಾಳಾಗಿದೆ, ಚಳಿಯಲ್ಲಿ ಅದು ಸ್ಟಾರ್ಟ್ ಆಗದೆ ಇರುವುದಕ್ಕೆ ಅದೇ ಕಾರಣ, ಇದನ್ನು ನಾನು ಖುದ್ದಾಗಿ ಪರೀಕ್ಷಿಸಿ ನೋಡಿದ್ದೇನೆ.

ಆ ಕಾರ್ಖಾನೆ ಇದ್ದದ್ದೇ ಆಸ್ಪತ್ರೆಯ ಬಟ್ಟೆ ಒಗೆಯಲಿಕ್ಕೆ. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ನಿಲುವಂಗಿ, ಎಲ್ಲವೂ ಸಂಜೆ ಕೊಳೆಯಾಗಿ ಬಂದು, ಕುದಿಯುವ ನೀರು ಕಂಡು, ಇಸ್ತ್ರಿಯ ಉರುಳೆಗಳ ನಡುವೆ ಹಾದು, ಬೆಳಗ್ಗೆ ಆರೂವರೆಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಇರಬೇಕು. ಈ ಚಳಿಗಾಲದ ಐದು ವಾರದಲ್ಲಿ ಹನ್ನೊಂದು ಬೆಳಗ್ಗೆ ಲಾರಿ ತಡವಾಗಿ ಹೋಗಿತ್ತು. ಹೋದ ವಾರವಂತೂ ಶುದ್ಧ ಚಾದರ ಇಲ್ಲದೆ ಒಂದು ಆಪರೇಷನ್ ಒಂದು ಗಂಟೆ ನಿಂತುಹೋಯಿತು. ಆಸ್ಪತ್ರೆಯವರು ಖಾರವಾಗಿ ಬರೆದರು. ಮಾಲೀಕರು ಮ್ಯಾನೇಜರನ್ನು ಕೇಳಿದರು, ಇದಕ್ಕೆ ಹೊಣೆ ಯಾರು ಅಂತ. ಮ್ಯಾನೇಜರು ಎಂಜಿನ್ ಮಾರುವ ಅಂಗಡಿಯವನೊಬ್ಬನನ್ನು ಕರೆಸಿದರು. ಅವನು ಕಬ್ಬಿಣದ ಸಲಾಕೆಯ ಒಂದು ತುದಿ ಎಂಜಿನ್ನಿಗೂ ಇನ್ನೊಂದು ತುದಿ ಕಿವಿಗೂ ಆನಿಸಿ, ಡಾಕ್ಟರರ ಹಾಗೆ ತಲೆದೂಗಿ, ಕಂಪ್ರೆಷನ್ ಹೋಗಿದೆ, ಒಳಗೆ ಒತ್ತಡವೇ ಇಲ್ಲ, ಹೊಸ ಎಂಜಿನ್ನೇ ಹಾಕಬೇಕು ಅಂದುಬಿಟ್ಟ. ಹೊಸ ಎಂಜಿನ್ನಿಗೆ ಒಂದು ಕಾರಣ ಬೇಕು. ಕಾರಣಕ್ಕೆ ಒಂದು ತಲೆ ಬೇಕು.

ಆ ತಲೆ ಮೇಸ್ತ್ರಿಯ ಅಳಿಯನದು. ಎರಡು ವರ್ಷದಿಂದ ಆ ಲಾರಿ ಓಡಿಸುತ್ತಿದ್ದವನು ಅವನೇ.

ಮ್ಯಾನೇಜರು ಲೆಕ್ಕ ಹಾಕಿಯೇ ಇದ್ದರು. ಮಾವ ಅಳಿಯನಿಗೆ ನಾಲ್ಕು ವರ್ಷದಿಂದ ಮಾತಿಲ್ಲ ಅನ್ನುವುದು ಕಾರ್ಖಾನೆಯ ಗೋಡೆಗೂ ಗೊತ್ತು. ಬಾಯ್ಲರು, ಎಂಜಿನ್ನು, ಸುತ್ತುವ ಡ್ರಮ್ಮುಗಳ ಗದ್ದಲದಲ್ಲಿ ಮೂವತ್ತೊಂದು ವರ್ಷ ಕಳೆದ ಮೇಸ್ತ್ರಿಯ ಕಿವಿ ಮುಕ್ಕಾಲು ಪಾಲು ಕೆಲಸ ಬಿಟ್ಟಿತ್ತು. ಆಗಷ್ಟೇ ಮನೆಯ ಅಳಿಯನಾಗಿದ್ದವನು ಒಂದು ದಿನ ಮನೆಯಂಗಳದಲ್ಲಿ ಎಲ್ಲರ ಎದುರಿಗೆ ನಗುತ್ತಾ, ನಮ್ಮ ಮಾವನಿಗೆ ಎಂಜಿನ್ ನಿಂತಿದೆಯೋ ಓಡ್ತಿದೆಯೋ ಅಂತಾನೇ ಕೇಳಿಸಲ್ಲ, ರಿಪೇರಿ ಮಾಡೋದು ಕೈಯಲ್ಲಿ ಮುಟ್ಟಿ ನೋಡಿ, ದೇವರ ಮೇಲೆ ಭಾರ ಹಾಕಿ ಅಂದಿದ್ದ. ಮೇಸ್ತ್ರಿಗೆ ಆ ಮಾತು ಕೇಳಿಸಲಿಲ್ಲ. ಆದರೆ ತುಟಿ ಓದುವುದನ್ನು ಅವನು ಅಷ್ಟರಲ್ಲಿ ಕಲಿತಿದ್ದ. ಅವತ್ತಿನಿಂದ ಮನೆಯಲ್ಲಿ ಇಬ್ಬರ ಮಾತೂ ಮಗಳ ಮೂಲಕ ಹೋಗಿ ಬರುತ್ತಿತ್ತು. ಕಾರ್ಖಾನೆಯಲ್ಲಿ ಮಗಳಿಲ್ಲ, ಅಲ್ಲಿ ಲಾರಿಗೆ ಹೇಳುತ್ತಿದ್ದರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸೋರಿಗೆ ಯಾರಾದರೂ ಹೇಳಬೇಕಪ್ಪ, ಅಂತ ಮೇಸ್ತ್ರಿ ಲಾರಿಯ ಚಕ್ರಕ್ಕೆ ಹೇಳುತ್ತಿದ್ದ. ಗ್ರೀಸ್ ಹಾಕಿ ಮೂರು ವಾರ ಆಯ್ತು, ಹಾಕೋರಿಗೆ ನೆನಪಿದೆಯೋ ಇಲ್ಲವೋ, ಅಂತ ಅಳಿಯ ಬಾನೆಟ್ಟಿಗೆ ಹೇಳುತ್ತಿದ್ದ. ಲಾರಿ ಮಾತ್ರ ಇಬ್ಬರಿಗೂ ಸಮನಾಗಿ ಸುಮ್ಮನಿರುತ್ತಿತ್ತು.

ಹೀಗಿರುವಾಗ ಅಳಿಯನ ಮೇಲೆ ಒಂದು ರುಜು ಹಾಕು ಅಂದರೆ ಮೇಸ್ತ್ರಿ ಎರಡು ಹಾಕಿಯಾನು ಅಂತ ಮ್ಯಾನೇಜರು ಎಣಿಸಿದ್ದರು.

ಮೇಸ್ತ್ರಿ ಕೊನೆಯ ಸಾಲಿನ ಮೇಲೆ ಬೆರಳು ಇಟ್ಟು, ಮತ್ತೊಮ್ಮೆ ಓದಿ, ಕನ್ನಡಕ ತೆಗೆದ.

"ನಾನು ನೋಡಿಲ್ಲ," ಅಂದ.

ಏನು ನೋಡಿಲ್ಲ ಅಂತ ಮ್ಯಾನೇಜರು ಗಟ್ಟಿಯಾಗಿ ಕೇಳಿದರು.

"ಖುದ್ದಾಗಿ ಪರೀಕ್ಷಿಸಿ ನೋಡಿದ್ದೇನೆ ಅಂತ ಬರೆದಿದ್ದೀರಿ. ನಾನು ಬರೋದು ಎಂಟಕ್ಕೆ. ಅದು ಕೈ ಕೊಡೋದು ಐದೂವರೆಗೆ. ನೋಡದೇ ಇರೋದಕ್ಕೆ ನಾನು ರುಜು ಹಾಕಲ್ಲ ಸಾರ್."

ಮ್ಯಾನೇಜರು ಸ್ವರ ತಗ್ಗಿಸಿದರು. ಆಮೇಲೆ, ತಗ್ಗಿಸಿದರೆ ಇವನಿಗೆ ಕೇಳಿಸದು ಅಂತ ನೆನಪಾಗಿ ಏರಿಸಿದರು. ಆ ಮನುಷ್ಯ ನಿಮ್ಮನ್ನು ಎಷ್ಟು ಹಂಗಿಸಿದ್ದಾನೆ, ನೀವು ಯಾಕೆ ಅವನ ಪಾಲಿಗೆ ನಿಲ್ಲುತ್ತೀರಿ ಅಂದರು. ನಾನು ಯಾರ ಪಾಲಿಗೂ ನಿಂತಿಲ್ಲ, ಎಂಜಿನ್ನಿನ ಪಕ್ಕದಲ್ಲಿ ನಿಲ್ಲಬೇಕು ಅಂತಿದ್ದೀನಿ ಅಂದ ಮೇಸ್ತ್ರಿ. ಕಡೆಗೆ ಶನಿವಾರದ ತನಕ ಅವಧಿ ಸಿಕ್ಕಿತು. ಶನಿವಾರ ಬೆಳಗ್ಗೆ ಕಾಗದ ಮಾಲೀಕರ ಮನೆಗೆ ಹೋಗಲೇಬೇಕು. ಮೇಸ್ತ್ರಿಯ ರುಜು ಇಲ್ಲದಿದ್ದರೆ ಅಂಗಡಿಯವನ ರುಜು ಸಾಕು, ಅಳಿಯ ಅವತ್ತೇ ಮನೆಗೆ. ಅವತ್ತು ಬುಧವಾರ.

ಮಗಳು ಅಳಿಯ ಇದ್ದದ್ದು ಮೇಸ್ತ್ರಿಯ ಮನೆಯ ಮೇಲಿನ ಕೋಣೆಯಲ್ಲೇ, ಹೊರಗಿನಿಂದ ಮೆಟ್ಟಿಲು. ಸಂಜೆ ಮಗಳು ಕೆಳಗೆ ಬಂದಾಗ ಅವಳ ಮುಖ ನೋಡಿದರೆ ಸುದ್ದಿ ಆಗಲೇ ಮೆಟ್ಟಿಲು ಹತ್ತಿದೆ ಅಂತ ಗೊತ್ತಾಗುತ್ತಿತ್ತು. ಅವಳು ಅಪ್ಪನ ಎದುರಿಗೆ, ಬೆಳಕು ತನ್ನ ಬಾಯಿಯ ಮೇಲೆ ಬೀಳುವ ಹಾಗೆ ಕೂತಳು. ಕಿವುಡ ಅಪ್ಪನ ಮಗಳಿಗೆ ಅದು ಅಭ್ಯಾಸ.

"ರುಜು ಹಾಕ್ತೀಯಾ ಅಪ್ಪ?"

ಮೇಸ್ತ್ರಿ ಜೇಬಿನ ಕನ್ನಡಕ ತೆಗೆದು ಗೂಡಿನಲ್ಲಿಟ್ಟ. ಆಮೇಲೆ, ನಿನ್ನ ಗಂಡ ಬಾಯಿಬಡುಕ, ಅದಕ್ಕೆ ಬೇಕಾದರೆ ನೂರು ಕಾಗದಕ್ಕೆ ರುಜು ಹಾಕ್ತೀನಿ ಅಂದ. ಎಂಜಿನ್ನಿನ ವಿಷಯ ಬೇರೆ. ನಾಳೆ ಐದು ಗಂಟೆಗೆ ನಾನೂ ಬರ್ತೀನಿ ಅಂತ ಅಳಿಯದೇವರಿಗೆ ತಿಳಿಸು, ಕಾಯದೆ ಹೋದರೆ ಆಮೇಲೆ ನನ್ನ ಕೇಳಬಾರದು ಅಂದ. ಅಳಿಯದೇವರು ಮೆಟ್ಟಿಲ ಮೇಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರೂ, ಮಗಳು ಎದ್ದು ಹೋಗಿ ಅದನ್ನೇ ಇನ್ನೊಂದು ಸಲ ಹೇಳಿ ಬಂದಳು. ಮನೆಯ ಪದ್ಧತಿ ಅದು.

ಮರುದಿನ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಗಟ್ಟಿಗಟ್ಟಿತ್ತು. ಚಳಿಗಾಲದಲ್ಲಿ ಲಾರಿಯನ್ನು ಅಂಗಳದೊಳಗೆ ನಿಲ್ಲಿಸುತ್ತಿರಲಿಲ್ಲ. ಗೇಟಿನಾಚೆಯ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಇಟ್ಟಿಗೆ ಕೊಟ್ಟು ನಿಲ್ಲಿಸುತ್ತಿದ್ದರು. ಸ್ಟಾರ್ಟ್ ಆಗದಿದ್ದರೆ ಇಟ್ಟಿಗೆ ಸರಿಸಿ ಉರುಳಿಬಿಟ್ಟರೆ ಗೇರಿನಲ್ಲಿ ಎಂಜಿನ್ನು ಹಿಡಿದುಕೊಳ್ಳುತ್ತದೆ. ಐದು ಚಳಿಗಾಲದಿಂದ ನಡೆದುಬಂದ ರೂಢಿ. ಬೇಸಿಗೆಯಲ್ಲಿ ಆ ತಾಪತ್ರಯವಿಲ್ಲ, ಅಂಗಳದಲ್ಲೇ ನಿಂತು ಬೆಳಗ್ಗೆ ಸೆಲ್ಫ್ ಮುಟ್ಟಿದರೆ ಸಾಕು, ಗುರ್ ಅನ್ನುತ್ತಿತ್ತು.

ಅಳಿಯ ಬಾಯ್ಲರು ಕೋಣೆಯಿಂದ ಬಿಸಿ ಟವೆಲುಗಳ ಹೊರೆ ತಂದು ಎಂಜಿನ್ನಿಗೆ ಸುತ್ತಿದ. ಬಾಣಂತಿಗೂ ಅಷ್ಟು ಆರೈಕೆ ಸಿಕ್ಕದು. ಹಬೆ ಏಳುತ್ತಿದ್ದ ಬಾನೆಟ್ಟಿನ ಕೆಳಗೆ ಮೇಸ್ತ್ರಿ ಮೊದಲು ಬ್ಯಾಟರಿಯ ತುದಿಗಳನ್ನು ಮುಟ್ಟಿ ನೋಡಿದ. ಆಮೇಲೆ ಅಂಗೈಯನ್ನು ಎಂಜಿನ್ನಿನ ಪಕ್ಕೆಗೆ ಒತ್ತಿ ಹಿಡಿದು, ಹೊಡೀಬಹುದು ಅಂತ ಬಾನೆಟ್ಟಿಗೆ ಹೇಳಿದ. ಅಳಿಯ ಸೆಲ್ಫ್ ಹೊಡೆದ. ಅಂಗೈ ಕೆಳಗೆ ಎಂಜಿನ್ನು ಚುರುಕಾಗಿಯೇ ತಿರುಗಿತು. ಸುಸ್ತಾದ ಬ್ಯಾಟರಿಯ ಎಳೆತ ಅದಲ್ಲ. ಕಂಪ್ರೆಷನ್ ಹೋದ ಎಂಜಿನ್ನಿನ ಸಡಿಲ ಕುಣಿತವೂ ಅಲ್ಲ. ಒಂದೊಂದು ಸಿಲಿಂಡರೂ ಎದುರು ಒತ್ತುವುದು ಕೈಗೆ ಸ್ಪಷ್ಟವಾಗಿ ಬರುತ್ತಿತ್ತು. ಆದರೂ ಜಪ್ಪಯ್ಯ ಅಂದರೂ ಹಿಡಿಯಲೊಲ್ಲದು.

ಮೇಸ್ತ್ರಿ ಎಂಜಿನ್ನು ಬಿಟ್ಟು ಲಾರಿಯ ಹಿಂದಕ್ಕೆ ನಡೆದ. ಸೈಲೆನ್ಸರಿನ ಬಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಇನ್ನೊಮ್ಮೆ ಹೊಡೀಲಿ ಅಂದ. ಹತ್ತು ಎಣಿಸುವಷ್ಟು ಹೊತ್ತು ಸೆಲ್ಫ್ ತಿರುಗಿತು. ಮೇಸ್ತ್ರಿ ಕಣ್ಣು ಮಿಟುಕಿಸದೆ ನೋಡಿದ. ಹೊಗೆ ಇಲ್ಲ. ಎಳೆಯಷ್ಟೂ ಇಲ್ಲ.

ಕಿವಿ ಇದ್ದವರೆಲ್ಲ ಎಂಜಿನ್ನಿನ ಸದ್ದು ಕೇಳುತ್ತಾ ಮುಂದೆ ನಿಂತಿದ್ದರು, ಹಿಂದೆ ಬಂದು ನೋಡಿದವರು ಯಾರೂ ಇರಲಿಲ್ಲ. ಚಳಿಗೆ ಮರಗಟ್ಟಿದ ಎಂಜಿನ್ನು ಉರಿಯದಿದ್ದರೂ ಉಗುಳಲೇಬೇಕು, ಸುಡದ ಡೀಸೆಲು ಬಿಳಿ ಹೊಗೆಯಾಗಿ ಹೊರಗೆ ಬರಲೇಬೇಕು. ಬಂದಿಲ್ಲ ಅಂದರೆ ಒಳಗೆ ಡೀಸೆಲೇ ಹೋಗುತ್ತಿಲ್ಲ. ಹಸಿದವನಿಗೆ ಕಂಬಳಿ ಹೊದಿಸುತ್ತಾ ಕೂತಿದ್ದಾರೆ ಇವರು.

ಅಳಿಯ ಇಟ್ಟಿಗೆ ಸರಿಸಿ ಉರುಳಿಸಿದ. ಇಳಿಜಾರು ಮುಗಿಯುವವರೆಗೂ ಲಾರಿ ಜಗ್ಗಿ ಜಗ್ಗಿ ಕೆಮ್ಮಿತು. ಕೆಳಗೆ ರಸ್ತೆ ಸಮವಾಗುವಲ್ಲಿ ನಿಂತು, ಅಳಿಯ ಕೆಳಗಿಳಿದು ಡೀಸೆಲು ಎಳೆಯುವ ಹ್ಯಾಂಡ್ ಪಂಪು ಒತ್ತಿ, ಮತ್ತೆ ಹತ್ತಿ, ಇಪ್ಪತ್ತು ನಿಮಿಷ ಒದ್ದಾಡಿದ ಮೇಲೆ ಬೆಟ್ಟದಷ್ಟು ಬಿಳಿ ಹೊಗೆ ಕಕ್ಕಿ ಎಂಜಿನ್ನು ಎದ್ದಿತು. ಹನ್ನೆರಡನೆಯ ಬೆಳಗ್ಗೆಯೂ ತಡವಾಯಿತು.

ಮಧ್ಯಾಹ್ನ ಲಾರಿ ಬಂದ ಮೇಲೆ ಮೇಸ್ತ್ರಿ ಅದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಫಿಲ್ಟರು ಬದಲಿಸಿದ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆ ಬಿಚ್ಚಿ ಗಾಳಿ ಊದಿದ. ಸಂದಿಯಿಂದ ಗಾಳಿ ಸೇರಿ ಡೀಸೆಲನ್ನು ತಡೆಯುತ್ತಿರಬೇಕು ಅಂತ ಪ್ರತಿ ಕೀಲಿಗೂ ಹೊಸ ತಾಮ್ರದ ಬಿಲ್ಲೆ ಹಾಕಿ ಬಿಗಿದ. ಕೈ ಸೀಳಿತು, ರಕ್ತ ಒರೆಸಿಕೊಂಡ. ಇನ್ನು ಗಾಳಿಗೆ ಒಳಗೆ ಹೋಗಲಿಕ್ಕೆ ಸೂಜಿಯಷ್ಟು ದಾರಿಯಿಲ್ಲ. ನಾಳೆ ನೋಡಿ ಅಂತ ಮ್ಯಾನೇಜರಿಗೂ ಹೇಳಿ ಬಂದ. ಹೇಳಬಾರದಿತ್ತು.

ಶುಕ್ರವಾರ ಬೆಳಗ್ಗೆ ಇಸ್ತ್ರಿಯ ಹೆಂಗಸರೂ ಬಾಯ್ಲರಿನವರೂ ಗೇಟಿನ ಹತ್ತಿರ ಬಂದು ನಿಂತಿದ್ದರು. ಮ್ಯಾನೇಜರು ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಕೈಕಟ್ಟಿ ನಿಂತಿದ್ದರು. ಅಳಿಯ ಸೆಲ್ಫ್ ಹೊಡೆದ. ಎಂಜಿನ್ನು ತಿರುಗಿತು, ತಿರುಗಿತು, ಅಷ್ಟೇ. ಸೈಲೆನ್ಸರಿನ ಬಾಯಿ ತೊಳೆದಿಟ್ಟ ಲೋಟದ ಹಾಗೆ ಖಾಲಿ. ಯಾರೋ ಏನೋ ಅಂದರು, ನಾಲ್ಕು ಜನ ನಕ್ಕರು. ಮೇಸ್ತ್ರಿ ಆ ಕಡೆ ತಿರುಗಲಿಲ್ಲ. ತಿರುಗಿದರೆ ತುಟಿ ಕಾಣುತ್ತಿತ್ತು. ಮ್ಯಾನೇಜರು ಹತ್ತಿರ ಬಂದು, ಸಾಕು ಮೇಸ್ತ್ರಿಗಳೇ, ನಿಮ್ಮ ಮರ್ಯಾದೆ ಯಾಕೆ ಕಳ್ಕೊಳ್ತೀರಿ, ಬಂದು ರುಜು ಹಾಕಿ ಅಂದರು.

"ಶನಿವಾರ ಅಂದಿದ್ದಿರಿ," ಅಂದ ಮೇಸ್ತ್ರಿ. "ಇವತ್ತು ಶುಕ್ರವಾರ."

ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ ಹ್ಯಾಂಡ್ ಪಂಪು ಒತ್ತತೊಡಗಿದ. ನೊರೆ ಬಂತು. ಇಪ್ಪತ್ತು ಸಲ ಒತ್ತಿದ, ಗಾಳಿ. ಅರವತ್ತು ಸಲ ಒತ್ತಿದ, ಅದೇ ಗಾಳಿ. ಹೆಬ್ಬೆರಳು ಸೆಟೆದುಹೋಯಿತು. ಇಷ್ಟು ಗಾಳಿ ಕೀಲಿನ ಸಂದಿಯಿಂದ ಬರುವುದಲ್ಲ, ಬಾವಿಯಿಂದ ಸೇದಿದ ಹಾಗೆ ಬರುತ್ತಿದೆ. ಉರುಳಿಸಲಿ ಅಂತ ಕೈ ಮಾಡಿದ. ಲಾರಿ ಕೆಳಗೆ ಹೋಗಿ ಸಮ ಜಾಗದಲ್ಲಿ ನಿಂತಿತು. ಮೇಸ್ತ್ರಿ ಹಿಂದೆಯೇ ಇಳಿದು ಹೋಗಿ ಮತ್ತೆ ಅದೇ ತಿರುಪು ಸಡಿಲಿಸಿ ಒತ್ತಿದ. ಹತ್ತನೆಯ ಒತ್ತಿಗೆ ಡೀಸೆಲು ಚಿಮ್ಮಿ ಮುಂಗೈ ತೋಯಿಸಿತು.

ಅವನು ಒತ್ತುವುದು ನಿಲ್ಲಿಸಿದ. ಅದೇ ಪಂಪು, ಅದೇ ಕೊಳವೆ, ಅದೇ ಚಳಿ. ಹತ್ತು ನಿಮಿಷದಲ್ಲಿ ಬದಲಾದದ್ದು ಒಂದೇ, ಲಾರಿ ನಿಂತ ನೆಲ. ತಲೆಯೆತ್ತಿ ಇಳಿಜಾರನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. ಚಳಿಯಲ್ಲಿ ಸ್ಟಾರ್ಟ್ ಆಗಲ್ಲ, ಚಳಿಯಲ್ಲಿ ಸ್ಟಾರ್ಟ್ ಆಗಲ್ಲ ಅಂತ ಎಲ್ಲರೂ ಒಂದೇ ರಾಗ ಹಾಡಿದ್ದರು. ಚಳಿಯಲ್ಲಿ ಮಾತ್ರ ಲಾರಿಯನ್ನು ಇಲ್ಲಿ ನಿಲ್ಲಿಸುತ್ತಾರೆ ಅನ್ನುವುದನ್ನು ಯಾರೂ ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ.

ಅಳಿಯನಿಗೆ ಆಸ್ಪತ್ರೆಗೆ ಹೋಗಿ ಬರಲು ಹೇಳಿದ. ಬಂದ ಮೇಲೆ ಲಾರಿಯನ್ನು ಮತ್ತೆ ಇಳಿಜಾರಿಗೆ, ಮೂತಿ ಕೆಳಗೆ ಮಾಡಿ ತರಿಸಿದ. ಆ ಹೊತ್ತಿಗೆ ಜನ ಯಾರೂ ಇರಲಿಲ್ಲ, ಇಬ್ಬರೇ. ಟ್ಯಾಂಕಿನ ಹಿಂತುದಿಯಲ್ಲಿ ಡೀಸೆಲು ಹೀರುವ ಕೊಳವೆಯ ಮುಚ್ಚಳ ಬಿಚ್ಚಿ ಒಂದು ಒಣ ಕಡ್ಡಿ ಇಳಿಬಿಟ್ಟು ತೆಗೆದ. ಕಡ್ಡಿ ಒಣಗಿಯೇ ಬಂತು. ಮುಂತುದಿಯ ತೂತಿನಲ್ಲಿ ಇಳಿಬಿಟ್ಟ. ಗೇಣುದ್ದ ಒದ್ದೆ. ಮೂತಿ ಕೆಳಗಾದ ಲಾರಿಯಲ್ಲಿ ಇದ್ದಬದ್ದ ಡೀಸೆಲೆಲ್ಲ ಟ್ಯಾಂಕಿನ ಮುಂದಕ್ಕೆ ಜರುಗಿ ಕೂತಿದೆ, ಹೀರುವ ಕೊಳವೆ ಹಿಂದೆ ಗಾಳಿಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದೆ.

ಕೊಳವೆ ಹಿಂದೆ ಯಾಕೆ ಬಂತು ಅನ್ನುವುದು ಮೇಸ್ತ್ರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಆಸ್ಪತ್ರೆಯ ಗೇಟಿನ ಕಂಬಕ್ಕೆ ಉಜ್ಜಿ ಹಳೇ ಟ್ಯಾಂಕು ಹರಿದಿತ್ತು. ಗುಜರಿಯಿಂದ ಬೇರೆ ಲಾರಿಯ ಟ್ಯಾಂಕು ತಂದು ಕೂರಿಸಿದವನು ಅವನೇ. ಅದು ಎಡಗಡೆ ಕೂರುವ ಟ್ಯಾಂಕು, ಅವನು ಬಲಗಡೆ ಕೂರಿಸಿದ. ಡೀಸೆಲು ತುಂಬುವ ಬಾಯಿ ಹೊರಗಡೆ ಬರಲಿ ಅಂತ ತಿರುಗಿಸಿದಾಗ ಮುಂದಿನದು ಹಿಂದಾಯಿತು. ಅವತ್ತು ಅದು ಗೊತ್ತಿತ್ತು, ಏನಾಗುತ್ತೆ ಬಿಡು ಅಂದುಕೊಂಡಿದ್ದ. ಇಳಿಜಾರಿನಲ್ಲಿ ನಿಲ್ಲಿಸಿ ಅಂತ ಐದು ವರ್ಷದ ಹಿಂದೆ ಹೇಳಿದವನೂ ಅವನೇ. ಆಗ ಬ್ಯಾಟರಿ ಸತ್ತುಹೋಗಿತ್ತು, ಹೊಸದು ಬರುವ ತನಕ ಅಂತ ಹೇಳಿದ್ದ. ಹೊಸ ಬ್ಯಾಟರಿ ಬಂತು. ಇಳಿಜಾರು ರೂಢಿಯಾಗಿ ಉಳಿಯಿತು. ಅದನ್ನು ನಿಲ್ಲಿಸಿ ಅಂತ ಹೇಳಲಿಕ್ಕೆ ಅವನಿಗೆ ನೆನಪಾಗಲಿಲ್ಲ.

ಆದರೂ ಹೋದ ಚಳಿಗಾಲದಲ್ಲಿ ಎರಡು ಮೂರು ಸಲ ಮಾತ್ರ ಕೈ ಕೊಟ್ಟದ್ದು ಈ ಸಲ ಹದಿಮೂರು ಸಲ ಯಾಕೆ? ಅದಕ್ಕೂ ಕಡ್ಡಿಯೇ ಉತ್ತರ ಹೇಳಿತು. ಮುಂಚೆ ಸಂಜೆಯೇ ಟ್ಯಾಂಕು ತುಂಬಿಸುತ್ತಿದ್ದರು. ಚಳಿ ಶುರುವಾಗುವ ಹೊತ್ತಿಗೆ, ರಾತ್ರಿ ಯಾರೋ ಡೀಸೆಲು ಕದಿಯುತ್ತಾರೆ ಅನ್ನುವ ಅನುಮಾನಕ್ಕೆ ಮ್ಯಾನೇಜರು ಆಜ್ಞೆ ಮಾಡಿದ್ದರು, ಇನ್ನು ಬೆಳಗ್ಗೆ ಹೋಗುವಾಗ ದಾರಿಯಲ್ಲಿ ಆ ದಿನಕ್ಕೆ ಸಾಕಾಗುವಷ್ಟೇ ಹಾಕಿಸಿಕೊಳ್ಳಿ, ಸಂಜೆ ಟ್ಯಾಂಕು ತಳ ಕಂಡಿರಲಿ ಅಂತ. ಟ್ಯಾಂಕು ತೀರಾ ತಳ ಕಂಡ ದಿನ, ಉಳಿದ ಡೀಸೆಲು ಇಳಿಜಾರಿನಲ್ಲಿ ಮುಂದಕ್ಕೆ ಓಡದೆ ಇನ್ನೆಲ್ಲಿಗೆ ಓಡೀತು?

ಮೇಸ್ತ್ರಿ ಕಡ್ಡಿ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟ. ಅಳಿಯನೂ ಎದುರಿಗೆ ಕುಕ್ಕರಿಸಿದ. ಸಂಜೆ ಇಲ್ಲಿ ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ಎಂಜಿನ್ ತಾನಾಗೇ ಆರಿಹೋಗುತ್ತಿತ್ತು, ಮನೆ ಬಂತು ಅಂತ ಅದಕ್ಕೇ ಗೊತ್ತಾಗುತ್ತೆ ಅಂತ ತಮಾಷೆ ಮಾಡಿಕೊಂಡಿದ್ದೆ ಅಂದ. ಮಾವನಿಗೆ ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಮಾತಿರಲಿಲ್ಲ, ಹೇಳಲಿಲ್ಲ.

ಟ್ಯಾಂಕು ಕೂರಿಸಿದ್ದು ಯಾರು ಅಂತ ಅಳಿಯನಿಗೂ ಗೊತ್ತಿತ್ತು. ನಾಲ್ಕು ವರ್ಷದ ಬಾಕಿ ಒಂದೇ ಮಾತಿನಲ್ಲಿ ತೀರಿಸಿಕೊಳ್ಳಬಹುದಿತ್ತು. ಅವನು ಮುಖ ಎತ್ತಿ, ತುಟಿ ಕಾಣುವ ಹಾಗೆ, ಲಾರಿಗಲ್ಲದೆ ಮಾವನಿಗೇ ಹೇಳಿದ.

"ಫಿಲ್ಟರ್ ಕೆಟ್ಟಿತ್ತು, ಬದಲಿಸಿದೆ, ಸರಿಹೋಯ್ತು ಅಂತ ಹೇಳಿ ಮಾವ. ಇವತ್ತಿಂದ ನಾನು ಅಂಗಳದಲ್ಲೇ ನಿಲ್ಲಿಸ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಿದೆಯಲ್ಲೋ," ಅಂದ ಮೇಸ್ತ್ರಿ.

ಆಮೇಲೆ ಅವನಿಗೆ ನಿಧಾನವಾಗಿ ವಿವರಿಸಿದ. ನಾಳೆ ಲಾರಿ ಸ್ಟಾರ್ಟ್ ಆದರೆ ಅದು ನಾಳೆಯ ಮಾತು. ಹಿಂದಿನ ಹದಿಮೂರು ಬೆಳಗ್ಗೆ ಯಾರ ತಲೆಯ ಮೇಲೆ ಕೂರಬೇಕು? ಫಿಲ್ಟರು ಅಂತ ಬರೆದರೆ, ಫಿಲ್ಟರು ಯಾಕೆ ನೋಡಿಕೊಳ್ಳಲಿಲ್ಲ ಅಂತ ಮತ್ತೆ ನಿನ್ನನ್ನೇ ಕೇಳುತ್ತಾರೆ. ಅಳಿಯ, ಹಾಗಾದರೆ ನಿಮ್ಮನ್ನ ತೆಗೀತಾರೆ ಅಂದ. ತೆಗೆಯಲಿ, ಮಾಡದ ತಪ್ಪಿಗೆ ನೀನು ಹೋಗೋದಕ್ಕಿಂತ ಮಾಡಿದ ತಪ್ಪಿಗೆ ನಾನು ಹೋಗೋದು ವಾಸಿ, ಕೈ ಕೊಡು ಏಳ್ತೀನಿ ಅಂದ ಮೇಸ್ತ್ರಿ.

ಸಂಜೆ ಮಗಳನ್ನು ಕೂರಿಸಿಕೊಂಡು ಬರೆಸಿದ. ಒಂದು, ಟ್ಯಾಂಕನ್ನು ಹಿಂದು ಮುಂದಾಗಿ ಕೂರಿಸಿದವನು ನಾನು. ಎರಡು, ಇಳಿಜಾರಿನಲ್ಲಿ ನಿಲ್ಲಿಸಿ ಅಂತ ಹೇಳಿ, ಆಮೇಲೆ ಬೇಡ ಅಂತ ಹೇಳಲು ಮರೆತವನೂ ನಾನು. ಮಗಳ ಪೆನ್ನು ಇಲ್ಲಿಯವರೆಗೆ ಹೇಗೋ ನಡೆಯಿತು. ಮೂರು, ಸಂಜೆ ಟ್ಯಾಂಕು ಖಾಲಿ ಇರಲಿ ಅಂತ ಮ್ಯಾನೇಜರು ಮಾಡಿದ ಆಜ್ಞೆಯಿಂದ ತೊಂದರೆ ಹೆಚ್ಚಾಯಿತು. ಅವಳು ಪೆನ್ನು ಎತ್ತಿದಳು. ಮೊದಲಿನ ಎರಡು ಸಾಕಲ್ವಾ ಅಪ್ಪ, ಅವರನ್ನ ಯಾಕೆ ಎದುರು ಹಾಕ್ಕೋತೀಯ ಅಂದಳು. ನನಗೆ ಸಾಕು, ಎಂಜಿನ್ನಿಗೆ ಸಾಕಾಗಲ್ಲ, ಬರಿ ಅಂದ. ಕೊನೆಗೆ, ಇದರಲ್ಲಿ ಡ್ರೈವರನ ತಪ್ಪು ಏನೂ ಇಲ್ಲ, ಎಂಜಿನ್ನು ಗಟ್ಟಿಯಾಗಿದೆ, ಇದನ್ನು ನಾನು ಖುದ್ದಾಗಿ ಪರೀಕ್ಷಿಸಿ ನೋಡಿದ್ದೇನೆ. ಆ ಮಾತು ಮ್ಯಾನೇಜರ ಕಾಗದದಿಂದಲೇ ತೆಗೆದುಕೊಂಡದ್ದು. ಮಗಳಿಂದ ಪೆನ್ನು ಇಸಿದುಕೊಂಡು, ನಾಲಿಗೆ ಕಚ್ಚಿಕೊಂಡು, ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ.

ಶನಿವಾರ ಲಾರಿ ಅಂಗಳದೊಳಗೆ ಸಮ ನೆಲದ ಮೇಲೆ ನಿಂತಿತ್ತು. ಹಿಂದಿನ ಸಂಜೆ ಮೇಸ್ತ್ರಿ ಯಾರನ್ನೂ ಕೇಳದೆ ಟ್ಯಾಂಕು ತುಂಬಿಸಿದ್ದ. ಆ ವಾರದಲ್ಲೇ ಅತಿ ಹೆಚ್ಚು ಚಳಿಯಿದ್ದ ಬೆಳಗ್ಗೆ ಅದು. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಅಳಿಯ ಟವೆಲು ತರಲಿಲ್ಲ. ಹತ್ತಿ ಕೂತು ಸೆಲ್ಫ್ ಮುಟ್ಟಿದ, ಅಷ್ಟೇ. ಎಂಜಿನ್ನು ಒಮ್ಮೆ ಕೆಮ್ಮಿ, ಬಿಳಿ ಹೊಗೆ ಬಿಟ್ಟು, ಹಿಡಿದುಕೊಂಡಿತು. ಇಸ್ತ್ರಿಯ ಹೆಂಗಸೊಬ್ಬಳು, ನಿನ್ನೆ ನಕ್ಕವರು ಎಲ್ಲಿ ಹೋದಿರಪ್ಪಾ, ಇವತ್ತೂ ಬನ್ನಿ ಅಂದಳು. ಬಾಯ್ಲರಿನವರು ಬಾಯ್ಲರಿನ ಕಡೆ ನಡೆದರು.

ಮ್ಯಾನೇಜರು ಆಫೀಸಿನಲ್ಲಿ ಮೇಸ್ತ್ರಿಯ ಕಾಗದ ಓದಿ ಬಾಗಿಲು ಮುಚ್ಚಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ ಮನುಷ್ಯರು. ಮೂರನೆಯದನ್ನು ಹೊಡೆದುಹಾಕಿ, ಮೊದಲಿನ ಎರಡನ್ನು ನಾನು ಹೊಡೆದುಹಾಕುತ್ತೇನೆ ಅಂದರು. ಫಿಲ್ಟರು ಅಂತ ನಾನೇ ಬರೆದು ಕಳಿಸುತ್ತೇನೆ, ನಿಮಗೂ ಏನಿಲ್ಲ, ಅಳಿಯನಿಗೂ ಏನಿಲ್ಲ, ಎಲ್ಲರೂ ನೆಮ್ಮದಿಯಾಗಿರೋಣ. ಹೇಳುತ್ತಾ ಅವರೇ ಪೆನ್ನಿನ ಮುಚ್ಚಳ ತೆಗೆದು ಮೇಸ್ತ್ರಿಯ ಮುಂದೆ ಹಿಡಿದರು.

ಮೇಸ್ತ್ರಿ ಪೆನ್ನು ತೆಗೆದುಕೊಳ್ಳಲಿಲ್ಲ.

"ನನ್ನ ಎರಡು ತಪ್ಪು ಬರೆಸೋವಾಗ ನನ್ನ ನಾಲಿಗೆ ತಡವರಿಸಲಿಲ್ಲ ಸಾರ್. ನಿಮ್ಮದು ಒಂದೇ. ನಿಮಗ್ಯಾಕೆ ಇಷ್ಟು ಕಷ್ಟ?"

ಮಾಲೀಕರು ನಿಮ್ಮನ್ನು ಮನೆಗೆ ಕಳಿಸುತ್ತಾರೆ, ತಿಳಿದಿರಲಿ ಅಂದರು ಮ್ಯಾನೇಜರು. ಮೇಸ್ತ್ರಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತ. ಲಕೋಟೆಗೆ ಹಾಕಿ ಅಂಟಿಸೋ ತನಕ ಇಲ್ಲೇ ಇರ್ತೀನಿ, ನನಗೇನು ಅವಸರ ಇಲ್ಲ ಅಂದ. ಮ್ಯಾನೇಜರು ಬೈದರು, ತಿಳಿಹೇಳಿದರು, ಮತ್ತೆ ಬೈದರು. ಕಿವಿ ಕೇಳದವನನ್ನು ಬೈಯುವುದರಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ. ಅವನು ನೆಲ ನೋಡಿಕೊಂಡು ಕೂತುಬಿಟ್ಟರೆ ಬೈಗುಳವೆಲ್ಲ ಗೋಡೆಗೆ ಹೋಗುತ್ತದೆ. ಹೊರಗೆ ಅಳಿಯ ಎಂಜಿನ್ನು ಆರಿಸದೆ ಕಾಯುತ್ತಿದ್ದ. ಆರು ಗಂಟೆಗೆ ಐದು ನಿಮಿಷ ಇರುವಾಗ ಮ್ಯಾನೇಜರು ಲಕೋಟೆ ಅಂಟಿಸಿದರು. ಚಾದರಗಳ ಜೊತೆ ಅದೂ ಲಾರಿ ಹತ್ತಿತು. ಅವತ್ತು ಆಸ್ಪತ್ರೆಯ ಹಿಂಬಾಗಿಲು ತೆರೆಯುವ ಮೊದಲೇ ಲಾರಿ ಹೋಗಿ ನಿಂತಿತ್ತು.

ಸೋಮವಾರ ಮಾಲೀಕರಿಂದ ಉತ್ತರ ಬಂತು. ಹೊಸ ಎಂಜಿನ್ನು ಬೇಡ. ಡ್ರೈವರ್ ಮುಂದುವರಿಯಲಿ. ಡೀಸೆಲು ಸಂಜೆಯೇ ತುಂಬಿಸತಕ್ಕದ್ದು, ಇಂಥ ಆಜ್ಞೆ ಇನ್ನು ನನ್ನನ್ನು ಕೇಳದೆ ಮಾಡಕೂಡದು. ಮೇಸ್ತ್ರಿಗೆ ವಯಸ್ಸಾಗಿದೆ, ಈ ತಿಂಗಳ ಕೊನೆಗೆ ಬಿಡುಗಡೆ ಮಾಡಿ.

ಓದಿ ಹೇಳುವಾಗ ಮ್ಯಾನೇಜರ ಮುಖದಲ್ಲಿ ಗೆದ್ದ ಕಳೆಯೂ ಇರಲಿಲ್ಲ, ಸೋತ ಕಳೆಯೂ ಇರಲಿಲ್ಲ. ತಿಂಗಳು ಮುಗಿಯೋಕೆ ಇನ್ನೂ ಹತ್ತೊಂಬತ್ತು ದಿನ ಇದೆ, ಕೆಲಸ ಬೇಕಾದಷ್ಟಿದೆ ಅಂತ ಮೇಸ್ತ್ರಿ ಎದ್ದು ಹೋದ.

ಮೊದಲ ಭಾನುವಾರ ಅಳಿಯನನ್ನು ಲಾರಿಯ ಕೆಳಗೆ ಮಲಗಿಸಿ, ಟ್ಯಾಂಕು ಇಳಿಸಿ, ಅದು ಹುಟ್ಟಿದ ಕಡೆಗೆ, ಎಡಗಡೆಗೆ ಕೂರಿಸಿದ. ಹಾಗೆ ಹಿಡಿ, ಹೀಗೆ ಹಿಡಿ ಅಂತ ದಿನವಿಡೀ ಅವನನ್ನು ನೇರವಾಗಿಯೇ ಬೈದ. ಅಳಿಯನೂ ನೇರವಾಗಿಯೇ ತಿರುಗಿಸಿ ಕೊಟ್ಟ. ಊಟ ತಂದ ಮಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಆಮೇಲೆ ಮೇಸ್ತ್ರಿ ಬಣ್ಣದ ಡಬ್ಬಿ ಹಿಡಿದು ಗೇಟಿನ ಪಕ್ಕದ ಗೋಡೆಯ ಮೇಲೆ, ಇಲ್ಲಿ ಲಾರಿ ನಿಲ್ಲಿಸಬೇಡಿ ಅಂತ ಬರೆದು ಕೆಳಗೆ ತನ್ನ ಹೆಸರು ಹಾಕಿದ. ಆಸ್ಪತ್ರೆಯವರು ಬಂದಾಗ ನೋಡಿ ಪ್ರಶ್ನೆ ಕೇಳುತ್ತಾರೆ ಅಂತ ಮ್ಯಾನೇಜರು ಎರಡನೇ ದಿನ ಸುಣ್ಣ ಬಳಿಸಿದರು. ಮೂರನೇ ದಿನ ಮೇಸ್ತ್ರಿ ಮತ್ತೆ ಬರೆದ. ಮತ್ತೆ ಸುಣ್ಣ ಬಿತ್ತು. ಹೀಗೆ ನಾಲ್ಕು ಸಲ ಆಯಿತು. ಗೋಡೆಯ ಆ ಜಾಗ ಉಳಿದದ್ದಕ್ಕಿಂತ ದಪ್ಪಗಾಯಿತು.

ಕೊನೆಯ ದಿನ ಮಧ್ಯಾಹ್ನ ಮೇಸ್ತ್ರಿ ಒಂದು ಕಬ್ಬಿಣದ ಹಲಗೆ ತಂದ. ಅಕ್ಷರಗಳನ್ನು ಉಳಿಯಿಂದ ಕೆತ್ತಿದ್ದ. ಮೂರು ವರ್ಷದ ಶಾಲೆಯ ಅಕ್ಷರಗಳು, ಒಂದು ಎತ್ತರ, ಒಂದು ಗಿಡ್ಡ. ಗೇಟಿನ ಕಂಬಕ್ಕೆ ತೂತು ಕೊರೆದು ನಾಲ್ಕು ಬೋಲ್ಟಿನಲ್ಲಿ ಬಿಗಿದು, ಬಿಗಿದ ಮೇಲೆ ಬೋಲ್ಟುಗಳ ತಲೆಯ ಮೂಲೆಗಳನ್ನು ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ ಗುಂಡಗೆ, ನುಣ್ಣಗೆ ಮಾಡಿದ. ಸದ್ದು ಕೇಳಿ ಮ್ಯಾನೇಜರು ಹೊರಗೆ ಬಂದರು. ಹಲಗೆಯ ಮೇಲೆ ಹೀಗಿತ್ತು: ಲಾರಿ ಇಳಿಜಾರಿನಲ್ಲಿ ನಿಲ್ಲಿಸಿ ಅಂದವನು ನಾನು. ಈಗ ಹೇಳ್ತಿದ್ದೀನಿ, ನಿಲ್ಲಿಸಬೇಡಿ.

ಮ್ಯಾನೇಜರು ಬೋಲ್ಟಿನ ನುಣ್ಣನೆಯ ತಲೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು.

"ಇದನ್ನ ಬಿಚ್ಚೋಕೆ ಯಾವ ಸ್ಪ್ಯಾನರು ಬೇಕು ಮೇಸ್ತ್ರಿಗಳೇ?"

"ಯಾವುದೂ ಹಿಡಿಯಲ್ಲ ಸಾರ್," ಅಂದ ಮೇಸ್ತ್ರಿ, ಅರವನ್ನು ಬಟ್ಟೆಯಲ್ಲಿ ಸುತ್ತುತ್ತಾ.